ಇಪ್ಪತ್ತೊಂದು ಪಾಳಿ, ಒಂದು ಗೇಟು

ನನ್ನ ಸೋದರಮಾವನಂಥ ಪುಕ್ಕಲನನ್ನು ನಾನು ಬೇರೆಲ್ಲೂ ಕಂಡಿಲ್ಲ. ಬಸ್ಸು ಹತ್ತಿದರೆ ಇಳಿಯುವ ತನಕ ಟಿಕೇಟನ್ನು ಮುಷ್ಟಿಯಲ್ಲೇ ಹಿಡಿದಿರುತ್ತಾನೆ, ಇಳಿಯುವ ಹೊತ್ತಿಗೆ ಅದು ಬೆವರಿಗೆ ನೆಂದು ಮುದ್ದೆಯಾಗಿರುತ್ತದೆ. ಅಂಚೆಯವನು ಬಾಗಿಲು ತಟ್ಟಿದರೆ ಅತ್ತೆಯನ್ನು ಮುಂದೆ ಬಿಟ್ಟು ತಾನು ಅಡುಗೆಮನೆಯ ಬಾಗಿಲ ಹಿಂದೆ ನಿಲ್ಲುತ್ತಾನೆ. "ನಿಮ್ಮ ಮಾವ ಹುಟ್ಟುವಾಗ್ಲೂ ಯಾರನ್ನೋ ಕೇಳ್ಕೊಂಡೇ ಹುಟ್ಟಿರ್ಬೇಕು" ಎಂದು ಅತ್ತೆ ಹಂಗಿಸುತ್ತಾಳೆ. ಇಂಥ ಮನುಷ್ಯ ಏಳು ವರ್ಷ ಒಂದು ಕಂಪನಿಯ ಕಣ್ಣಿಗೆ ಮಣ್ಣೆರಚಿದ ಎಂದರೆ ಯಾರು ನಂಬುತ್ತಾರೆ? ನಂಬಲೇಬೇಕು. ನಾನೇ ಕಣ್ಣಾರೆ ಕಂಡಿದ್ದೇನೆ. ಅದನ್ನು ಹೆಚ್ಚುಕಡಿಮೆ ಬೀದಿಗೆ ತಂದವಳೂ ನಾನೇ.

ಮಾವ ನೂಲಿನ ಗಿರಣಿಯಲ್ಲಿ ಮೇಸ್ತ್ರಿಯಾಗಿದ್ದ. ಗಿರಣಿ ಒಂದು ಶನಿವಾರ ಮುಚ್ಚಿತು, ಸೋಮವಾರ ತೆರೆಯಲಿಲ್ಲ. ಒಳಗಿನ ಯಂತ್ರಗಳು ಯಾರಿಗೆ ಸೇರಬೇಕು ಎಂಬ ಜಗಳ ಕೋರ್ಟಿಗೆ ಹೋಯಿತು. ತೀರ್ಮಾನವಾಗುವ ತನಕ ಯಾರೂ ಒಂದು ಬೋಲ್ಟನ್ನೂ ಬಿಚ್ಚಿಕೊಂಡು ಹೋಗಬಾರದೆಂದು ಕಾವಲಿನ ಕಂಪನಿಯೊಂದು ಬಂತು. ಕಂಪನಿಯವನು ಕಾರ್ಮಿಕರ ಓಣಿಗೆ ಬಂದು, ನಲ್ಲಿಯ ಹತ್ತಿರ ಸಾಲಾಗಿ ನಿಂತಿದ್ದ ಗಂಡಸರಲ್ಲಿ ಮೂವರನ್ನು ಬೆರಳು ಮಾಡಿ ಆರಿಸಿದ. ಗೇಟಿಗೆ ದಿನಕ್ಕೆ ಮೂರು ಪಾಳಿ, ಮೂವರು ಕಾವಲುಗಾರರು. ಆ ಮೂವರಲ್ಲಿ ಮಾವ ಒಬ್ಬ.

ಓಣಿಯಲ್ಲಿ ಇದ್ದದ್ದು ಇಪ್ಪತ್ತೊಂದು ಮನೆ. ಎದುರುಬದುರು, ಗೋಡೆಗೆ ಗೋಡೆ ಅಂಟಿದ ಮನೆಗಳು. ಒಬ್ಬರ ಮನೆಯಲ್ಲಿ ಒಗ್ಗರಣೆ ಹಾಕಿದರೆ ಮೂರನೇ ಮನೆಯವನು ಸೀನುತ್ತಾನೆ. ಕೆಲಸ ಸಿಕ್ಕ ದಿನ ಮಾವ ಊಟಕ್ಕೆ ಕೂತ, ತಿನ್ನಲಿಲ್ಲ. ತಟ್ಟೆ ಪಕ್ಕಕ್ಕೆ ಸರಿಸಿ ಬೆರಳು ಮಡಿಸತೊಡಗಿದ. ದಿನಕ್ಕೆ ಮೂರು ಪಾಳಿ, ವಾರಕ್ಕೆ ಏಳು ದಿನ, ಒಟ್ಟು ಇಪ್ಪತ್ತೊಂದು. ಎರಡನೇ ಸಲ ಮಡಿಸಿದಾಗಲೂ ಅಷ್ಟೇ ಬಂತು. ಕೈ ತೊಳೆದು ಎದ್ದವನು ಉಳಿದಿಬ್ಬರು ಕಾವಲುಗಾರರನ್ನು ಕರೆದುಕೊಂಡು ಮನೆ ಮನೆ ಹತ್ತಿ ಇಳಿದ. ಅಂದಿನಿಂದ ವಾರಕ್ಕೆ ಒಂದು ಮನೆಗೆ ಒಂದು ಪಾಳಿ. ಕಂಪನಿಯ ಪುಸ್ತಕದಲ್ಲಿ ಮೂರು ಹೆಸರು, ಗೇಟಿನಲ್ಲಿ ಇಪ್ಪತ್ತೊಂದು ಮುಖ. ಬಂದ ಸಂಬಳವನ್ನೂ ಹಾಗೇ ಹಂಚುವುದು. ಎಷ್ಟು ಬರುತ್ತಿತ್ತು ಎಂದು ಕೇಳಬೇಡಿ, ನಾಚಿಕೆಯಾಗುತ್ತದೆ. ಆದರೂ ಓಣಿಯಲ್ಲಿ ಒಂದು ಒಲೆಯೂ ಆರಲಿಲ್ಲ.

ಕಂಪನಿ ಕೊಟ್ಟದ್ದು ಮೂರು ಖಾಕಿ ಅಂಗಿ. ಅವೇ ಎಲ್ಲರ ಮೈಮೇಲೂ ಸುತ್ತಿದವು. ಉದ್ದಣ್ಣ ಎಂದು ನಾವು ಕರೆಯುವ ಪಕ್ಕದ ಮನೆಯವನಿಗೆ ತೋಳು ಮೊಣಕೈಗೇ ನಿಲ್ಲುತ್ತಿತ್ತು. ಗಿರಣಿಯಲ್ಲಿ ಫಿಟ್ಟರಾಗಿದ್ದ ಎದುರುಮನೆಯವನು ಮೂರನೇ ವರ್ಷ ತೀರಿಕೊಂಡ ಮೇಲೆ ಅವನ ಪಾಳಿಯನ್ನು ಅವನ ಹೆಂಡತಿ ಫಿಟ್ಟರಕ್ಕ ಹಿಡಿದಳು. ಅವಳಿಗೆ ಅದೇ ಅಂಗಿ ಮಂಡಿ ಮುಟ್ಟುತ್ತಿತ್ತು. ಸೀಟಿ ಮಾತ್ರ ಅವರವರದೇ. "ಅಂಗಿ ಹಾಕ್ಕೊಳ್ಳಿ, ಎಂಜಲು ಊದಬೇಡಿ" ಎಂದು ಮಾವನ ಕಟ್ಟಪ್ಪಣೆ. ಪಾಳಿಯ ದಿನ ಗಂಡಸರು ನೀಟಾಗಿ ಗಡ್ಡ ಕೆರೆದುಕೊಳ್ಳುತ್ತಿದ್ದರು. ವಾರದಲ್ಲಿ ಆ ಒಂದು ದಿನ. ಓಣಿಯಲ್ಲಿ ನಡೆದರೆ ಇವತ್ತು ಯಾರ ಪಾಳಿ ಎಂದು ಗಲ್ಲ ನೋಡಿಯೇ ಹೇಳಬಹುದಿತ್ತು.

ಪ್ರತಿ ತಿಂಗಳ ಮೊದಲ ಸೋಮವಾರ ಕಂಪನಿಯವನು ಮೋಟಾರ್ ಸೈಕಲ್ಲಿನಲ್ಲಿ ನೋಡಲು ಬರುತ್ತಿದ್ದ. ಅಂದು ಪುಸ್ತಕದ ಮೂವರು ಮಾತ್ರ ಗೇಟಿನಲ್ಲಿ. ಅಂದು ಬೆಳಗ್ಗೆ ಮಾವ ನಾಲ್ಕು ಸಲ ಪಾಯಿಖಾನೆಗೆ ಹೋಗುತ್ತಿದ್ದ. ಸಿಕ್ಕಿಬಿದ್ದರೆ ಮೂರೂ ಕೆಲಸ ಹೋಗಿ ಬೇರೆ ಊರಿನ ಕಾವಲುಗಾರರು ಬರುತ್ತಾರೆ, ಇಪ್ಪತ್ತೊಂದು ಮನೆಯೂ ಒಟ್ಟಿಗೆ ಮುಳುಗುತ್ತದೆ. ಇದು ಓಣಿಯ ಸಣ್ಣ ಮಕ್ಕಳಿಗೂ ಗೊತ್ತಿದ್ದ ಮಾತು. ಏಳು ವರ್ಷ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ.

ಬಾಯಿ ಬಿಡಿಸಿದವಳು ನಾನು.

ಒಂಬತ್ತನೇ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡ ನನ್ನನ್ನು ಸಾಕಿದ್ದು ಈ ಮಾವ, ಈ ಅತ್ತೆ. ಓದಿಸಿದ್ದೂ ಅವರೇ. ಬಹಳ ವರ್ಷ ಅಲೆದ ಮೇಲೆ ನನಗೊಂದು ಸರ್ವೇ ಕೆಲಸ ಸಿಕ್ಕಿತು. ಖಾಯಂ ಅಲ್ಲ, ಆರಾರು ತಿಂಗಳಿಗೆ ಹೊಸ ಆದೇಶ. ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಬಾಡಿಗೆ ಕೋಣೆ ಹಿಡಿದೆ. ರಾಜ್ಯದ ಯಾವ ಜಿಲ್ಲೆಯಲ್ಲಿ ಎಷ್ಟು ಜನಕ್ಕೆ ಕೆಲಸವಿಲ್ಲ ಎಂದು ಮನೆ ಮನೆಗೆ ಹೋಗಿ ಕೇಳುವುದು ನನ್ನ ಕೆಲಸ. ಕೇಳಬೇಕಾದ ಮುಖ್ಯ ಪ್ರಶ್ನೆ ಎರಡೇ. "ಕಳೆದ ಏಳು ದಿನದಲ್ಲಿ ಒಂದು ಗಂಟೆಯಾದರೂ ಸಂಬಳಕ್ಕೆ ಕೆಲಸ ಮಾಡಿದ್ದೀರಾ?" ಹೌದು ಎಂದರೆ ಅವರು ಉದ್ಯೋಗಿ, ಮುಗಿಯಿತು. ಇಲ್ಲ ಎಂದರೆ ಎರಡನೆಯದು: "ಹೋದ ತಿಂಗಳು ಕೆಲಸ ಹುಡುಕಿದ್ದೀರಾ?" ಹುಡುಕಿದ್ದರೆ ನಿರುದ್ಯೋಗಿ. ಹುಡುಕಿಲ್ಲ ಎಂದರೆ ಅವರು ಇತ್ತಲೂ ಇಲ್ಲ, ಅತ್ತಲೂ ಇಲ್ಲ, ಲೆಕ್ಕದಿಂದಲೇ ಹೊರಗೆ. ತರಬೇತಿಯಲ್ಲಿ ಇದನ್ನು ಹೇಳಿಕೊಟ್ಟಾಗ ಚೆನ್ನಾಗಿಯೇ ಇದೆ ಅನ್ನಿಸಿತ್ತು, ನನ್ನ ಬುದ್ಧಿಗಿಷ್ಟು!

ಆ ಸಲ ಚೀಟಿ ಎತ್ತಿದ ಹಾಗೆ ಮನೆಗಳನ್ನು ಆರಿಸುವಾಗ ನಮ್ಮ ಓಣಿಯ ಎಂಟು ಮನೆ ಬಂದವು. ನಾನು ಹೋದೆ. "ನೀವು ಹೇಳಿದ್ದು ಗುಟ್ಟಾಗಿರುತ್ತೆ, ಯಾರಿಗೂ ಗೊತ್ತಾಗಲ್ಲ" ಎಂದು ಪ್ರತಿ ಮನೆಯಲ್ಲೂ ಓದಿ ಹೇಳಬೇಕು, ಹೇಳಿದೆ. ಆದರೂ ಉದ್ದಣ್ಣ ತಲೆ ಕೆರೆದುಕೊಂಡು, ನನ್ನ ಜೊತೆ ಬಂದಿದ್ದ ಮಾವನ ಮುಖ ನೋಡಿದ.

"ಹೇಳಪ್ಪ, ನಮ್ಮ ಹುಡುಗಿ ತಾನೆ" ಎಂದ ಮಾವ. "ವಾರಕ್ಕೆ ಎಂಟು ಗಂಟೆ ಗೇಟಲ್ಲಿ ನಿಲ್ತೀಯಾ. ಕೆಲಸ ಇಲ್ಲ ಅಂತ ಯಾಕೆ ಬರೆಸ್ತೀಯಾ? ನೀನೇನು ಸೋಮಾರಿನಾ?"

ಉದ್ದಣ್ಣನ ಎದೆ ಒಂದು ಗೇಣು ಉಬ್ಬಿತು. "ವಾಚ್‌ಮನ್ ಅಂತ ಬರ್ಕೋ ತಾಯಿ" ಎಂದ. ಫಿಟ್ಟರಕ್ಕನೂ ಅದನ್ನೇ ಬರೆಸಿದಳು. ಎಂಟು ಮನೆಯೂ ಅದನ್ನೇ ಬರೆಸಿದವು. ನನಗೂ ಹೆಮ್ಮೆಯೇ ಆಯಿತು. ಯಾರೂ ಸುಳ್ಳು ಹೇಳಲಿಲ್ಲ, ನಾನೂ ಸುಳ್ಳು ಬರೆಯಲಿಲ್ಲ.

ಎರಡು ತಿಂಗಳ ಮೇಲೆ ಪತ್ರಿಕೆಯಲ್ಲಿ ರಾಜ್ಯದ ನಕ್ಷೆ ಬಂತು. ನಿರುದ್ಯೋಗ ಹೆಚ್ಚಿದ್ದ ಜಿಲ್ಲೆಗೆ ಕೆಂಪು, ಕಡಿಮೆ ಇದ್ದಲ್ಲಿಗೆ ಹಸಿರು. ನಮ್ಮ ಜಿಲ್ಲೆ ಎಲ್ಲಕ್ಕಿಂತ ದಟ್ಟ ಹಸಿರು. ಹೊಳೆಯ ಆಚೆಯ ಜಿಲ್ಲೆ ಕೆಂಪು. ಆ ಜಿಲ್ಲೆಯಲ್ಲಿ ಮೂರು ಕಾರ್ಖಾನೆ, ಒಂದು ದೊಡ್ಡ ಮಾರುಕಟ್ಟೆ. ಬೆಳಗಾದರೆ ಸೇತುವೆಯ ಮೇಲೆ ಬಸ್ಸುಗಳು ಬಾಗಿಲಿಗೆ ಜೋತುಬಿದ್ದ ಜನರನ್ನು ಹೊತ್ತುಕೊಂಡು ಆ ಕಡೆಗೇ ಓಡುತ್ತವೆ. ಕೆಲಸ ಸಿಗಬಹುದು ಎನ್ನುವ ಕಡೆ ಜನ ಹುಡುಕುತ್ತಾರೆ, ಹುಡುಕುವವರು ಇದ್ದರೆ ನಿರುದ್ಯೋಗ ಏರುತ್ತದೆ. ನಮ್ಮ ಕಡೆ ಹುಡುಕಲು ಏನಿದೆ ಮಣ್ಣು? ಚಹಾದಂಗಡಿಯ ಗೋಡೆಗೆ ಅಂಟಿಸಿದ್ದ ಆ ನಕ್ಷೆಯನ್ನು ನೋಡಿ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆಂಪು ಜಿಲ್ಲೆಗಳಿಗೆ ಸರ್ಕಾರ ಹೊಲಿಗೆ ಕಾರ್ಖಾನೆ ಕೊಡುತ್ತದಂತೆ ಎಂದು ಕೆಳಗೆ ಬರೆದಿದ್ದನ್ನು ಓದಿದ ಮೇಲೆ ನಗು ನಿಂತಿತು.

ಅದೇ ವಾರದ ಮಂಗಳವಾರ ನನ್ನ ಸೂಪರ್‌ವೈಸರ್ ನನ್ನನ್ನು ಕಚೇರಿಗೆ ಕರೆಸಿದರು. ಕೆಟ್ಟವರಲ್ಲ. ಸದಾ ಕರವಸ್ತ್ರದಲ್ಲಿ ಕುತ್ತಿಗೆ ಒರೆಸಿಕೊಳ್ಳುತ್ತಿದ್ದ, ಸುಸ್ತಾದ ಮನುಷ್ಯ.

"ಎಂಟು ಮನೆ, ಎಂಟೂ ವಾಚ್‌ಮನ್, ಎಲ್ರೂ ಒಂದೇ ಗೇಟು. ಅದೂ ಮುಚ್ಚಿರೋ ಗಿರಣಿಗೆ. ಏನಮ್ಮಾ ಇದು? ಮನೇಲಿ ಕೂತ್ಕೊಂಡು ತುಂಬಿಸಿದ್ರಾ?"

"ಇಲ್ಲ ಸಾರ್, ಒಂದೊಂದು ಮನೆಗೂ ಹೋಗಿದ್ದೀನಿ."

"ನೋಡಿ, ರಾಜಧಾನಿಯಿಂದ ನನ್ನ ತಲೆ ತಿಂತಿದ್ದಾರೆ. ಇಷ್ಟು ಕಡಿಮೆ ಹೇಗೆ ಬಂತು ಅಂತ. ಗುರುವಾರ ಮರುತಪಾಸಣೆ. ನಾನೇ ಬರ್ತೀನಿ. ಅವರು ಮತ್ತೆ ವಾಚ್‌ಮನ್ ಅಂದ್ರೆ ಆ ಕಂಪನಿಗೆ ಫೋನ್ ಮಾಡಿ ಕೇಳಿಬಿಡ್ತೀನಿ, ಎಷ್ಟು ಜನ ಇಟ್ಕೊಂಡಿದ್ದೀರಿ ಅಂತ."

"ಅದೆಲ್ಲ ಗುಟ್ಟು ಅಂತ ನಾವು ಹೇಳ್ತೀವಲ್ಲ ಸಾರ್" ಎಂದೆ.

"ಹೆಸರು ಹೇಳಲ್ಲಮ್ಮ. ಎಷ್ಟು ಜನ ಅಂತ ಮಾತ್ರ ಕೇಳ್ತೀನಿ" ಎಂದರು ಅವರು.

ಎಷ್ಟು ಜನ ಎನ್ನುವುದರಲ್ಲೇ ನಮ್ಮ ಪ್ರಾಣ ಇತ್ತು. ಆ ಮಧ್ಯಾಹ್ನವೇ ಓಣಿಗೆ ಓಡಿದೆ. ಮಾವ ಕಟ್ಟೆಯ ಮೇಲೆ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದ. ನಾನು ಹೇಳಿ ಮುಗಿಸುವ ತನಕ ಸೂಜಿ ಬಟ್ಟೆಯೊಳಗೆ ಅರ್ಧಕ್ಕೇ ನಿಂತಿತ್ತು.

"ನಿಜ ಹೇಳಿದ್ರೆ ಕಂಪನಿಗೆ ಗೊತ್ತಾಗುತ್ತೆ" ಎಂದ.

"ಹೂಂ."

"ಇಲ್ಲ ಅಂದ್ರೆ?"

"ನಾನು ಸುಳ್ಳು ಬರೆದ ಹಾಗಾಗುತ್ತೆ. ಕೆಲಸ ಹೋಗುತ್ತೆ. ಇನ್ಯಾವ ಸರ್ಕಾರಿ ಕೆಲಸಕ್ಕೂ ಹತ್ತಿರ ಸೇರ್ಸಲ್ಲ."

ಅತ್ತೆ ಒಳಗಿಂದ ಬಂದು ನನ್ನ ತಲೆಯ ಮೇಲೆ ಕೈಯಿಟ್ಟಳು. ಮಾವ ನನ್ನ ಕಡೆ ನೋಡದೆ "ಮನೆಗೆ ಹೋಗು ಮಗಾ, ಏನಾದ್ರೂ ಯೋಚನೆ ಮಾಡೋಣ" ಎಂದ. ಎರಡು ದಿನ ಹೇಗೆ ಕಳೆದೆನೋ ಆ ದೇವರಿಗೇ ಗೊತ್ತು. ಮಾವನಿಗೆ ಏನಾದರೂ ಉಪಾಯ ಹೊಳೆಯುತ್ತದೆ ಎಂದು ನಂಬಿದ್ದೆ. ಇಪ್ಪತ್ತೊಂದು ಮನೆಗೆ ಇಪ್ಪತ್ತೊಂದು ಪಾಳಿ ಹೊಂದಿಸಿದವನು, ನನ್ನನ್ನು ಬಿಟ್ಟುಕೊಡುತ್ತಾನೆಯೇ?

ಗುರುವಾರ ಹತ್ತು ಗಂಟೆಗೆ ಸೂಪರ್‌ವೈಸರ್ ಬಂದರು. ಮರುತಪಾಸಣೆಯಲ್ಲಿ ನಾನು ಜೊತೆಗಿರಬೇಕು, ತುಟಿ ಪಿಟಕ್ಕೆನ್ನಬಾರದು. ಮೊದಲ ಮನೆ ಉದ್ದಣ್ಣನದು. ಗುರುವಾರ ಬೆಳಗ್ಗೆ ಅವನದೇ ಪಾಳಿ. ಗೇಟಿನಲ್ಲಿರಬೇಕಾದವನು ಮನೆ ಬಾಗಿಲಿಗೆ ಬಂದು ನಿಂತ. ಗಲ್ಲದ ತುಂಬ ವಾರದ ಗಡ್ಡ. ಅವನು ಬಾಯಿ ತೆರೆಯುವ ಮೊದಲೇ ನನಗೆ ಎಲ್ಲ ತಿಳಿದುಹೋಯಿತು.

"ಏಳು ದಿನದಲ್ಲಿ ಒಂದು ಗಂಟೆಯಾದ್ರೂ ಕೆಲಸ ಮಾಡಿದ್ರಾ?"

"ಇಲ್ಲ ಸಾರ್."

"ವಾಚ್‌ಮನ್ ಅಂತ ಬರೆದಿದೆಯಲ್ರೀ?"

"ಯಾರು ಬರೆದ್ರೋ ಸಾರ್, ನಂಗೊತ್ತಿಲ್ಲ." ಅವನು ನೆಲ ನೋಡುತ್ತಿದ್ದ.

"ಸರಿ. ಹೋದ ತಿಂಗಳು ಕೆಲಸ ಹುಡುಕಿದ್ರಾ?"

ಅಯ್ಯೋ! ಈ ಎರಡನೇ ಪ್ರಶ್ನೆ ಯಾರಿಗೂ ಗೊತ್ತೇ ಇರಲಿಲ್ಲ. ಹೋದ ಸಲ ಎಲ್ಲರೂ ಮೊದಲನೆಯದಕ್ಕೇ ಹೌದು ಎಂದಿದ್ದರಿಂದ ನಾನು ಅದನ್ನು ಕೇಳಿಯೇ ಇರಲಿಲ್ಲ. ಒಂದಕ್ಕೆ ಇಲ್ಲ ಎನ್ನಬೇಕೆಂದು ಕಲಿತುಕೊಂಡು ಕೂತಿದ್ದ ಉದ್ದಣ್ಣ ಈಗ ತಬ್ಬಿಬ್ಬಾದ. ಹೌದು ಅನ್ನೋ ಮಹಾರಾಯ, ಹೌದು ಅನ್ನು, ನನ್ನ ಕೆಲಸ ಹೋದರೂ ನಿನ್ನ ಜಿಲ್ಲೆಗೆ ಕಾರ್ಖಾನೆಯಾದರೂ ಬರಲಿ ಎಂದು ಒಳಗೊಳಗೇ ಕೂಗಿಕೊಂಡೆ.

"ಹುಡುಕೋದಾ? ಈ ಊರಲ್ಲಿ ಎಲ್ಲಿ ಅಂತ ಹುಡುಕೋದು ಸಾರ್? ಯಾರ ಮನೆ ಬಾಗಿಲಿಗೂ ಹೋಗಿ ನಿಂತೋನಲ್ಲ ನಾನು. ಇಲ್ಲ."

ಸೂಪರ್‌ವೈಸರ್ ಉತ್ತರ ತುಂಬಿಸುವ ಟ್ಯಾಬಿನ ಗಾಜಿನ ಮೇಲೆ ಬೆರಳು ಒತ್ತಿದರು. ಉದ್ದಣ್ಣ ಲೆಕ್ಕದಿಂದ ಹೊರಗೆ ಹೋದ. ಏಳು ಮನೆಯಲ್ಲೂ ಇದೇ ಆಯಿತು. ಇಲ್ಲ, ಮತ್ತೆ ಇಲ್ಲ. ಫಿಟ್ಟರಕ್ಕ ಒಬ್ಬಳು ನನ್ನ ಮುಖ ನೋಡಿದಳು, ಕಣ್ಣು ತುಂಬಿಕೊಂಡವು. "ಇಲ್ಲಪ್ಪ" ಎಂದವಳೇ ಬಾಗಿಲು ಹಾಕಿಕೊಂಡಳು. ಸೂಪರ್‌ವೈಸರ್ ಕೈಯಲ್ಲಿ ಹಿಡಿದಿದ್ದ ಫೋನನ್ನು ಜೇಬಿಗೆ ಹಾಕಿದರು. ಇನ್ನು ಕಂಪನಿಗೆ ಕೇಳುವ ಅಗತ್ಯವೇ ಇರಲಿಲ್ಲ. ಗೇಟು ಉಳಿಯಿತು.

ಕೊನೆಯದು ನಮ್ಮ ಮನೆ. ಅಂದು ಅತ್ತೆ ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು. ಮಾವ ಮುಂದೆ ಬಂದ. ನುಣ್ಣಗೆ ಗಡ್ಡ ಕೆರೆದು, ಖಾಕಿ ಅಂಗಿ ತೊಟ್ಟು.

"ನಾನು ವಾಚ್‌ಮನ್ ಸಾರ್. ಪುಸ್ತಕದಲ್ಲಿ ಹೆಸರಿದೆ."

"ಉಳಿದವರು?"

"ಅವರಿಗೆಲ್ಲಿದೆ ಸಾರ್ ಕೆಲಸ."

"ಹಾಗಾದ್ರೆ ಈಯಮ್ಮ ಯಾಕೆ ಹೀಗೆ ಬರೆದ್ರು?"

ಮಾವನ ಬಲಗೈ ನಿಧಾನವಾಗಿ ಮುಷ್ಟಿಯಾಯಿತು. ಬಸ್ಸಿನಲ್ಲಿ ಟಿಕೇಟು ಹಿಡಿಯುತ್ತಾನಲ್ಲ, ಹಾಗೆ. "ಬಿಸಿಲು ಜಾಸ್ತಿ ಇತ್ತು ಸಾರ್" ಎಂದ. "ತಿರುಗೋಕಾಗ್ದೆ... ಕೂತಲ್ಲೇ ಬರ್ಕೊಂಡಿರ್ಬೇಕು."

"ಇವರು ನಿಮಗೆ ಮೊದಲೇ ಪರಿಚಯನಾ?"

ಮಾವ ನನ್ನನ್ನು ನೋಡಿದ. ಒಂಬತ್ತು ವರ್ಷದವಳ ಜಡೆ ಸೊಟ್ಟಸೊಟ್ಟಗೆ ಹೆಣೆದು ಶಾಲೆಗೆ ಬಿಟ್ಟು ಬಂದವನು, ಜ್ವರ ಬಂದರೆ ಹೆಗಲ ಮೇಲೆ ಹಾಕಿಕೊಂಡು ಆಸ್ಪತ್ರೆಗೆ ಓಡಿದವನು.

"ಇಲ್ಲ ಸಾರ್. ಯಾರೋ ನಂಗೊತ್ತಿಲ್ಲ" ಎಂದ.

ಎರಡು ದಿನಕ್ಕೆ, ಇನ್ನು ಬರುವುದು ಬೇಡ ಎಂದು ಕಚೇರಿಯಿಂದ ಫೋನು ಬಂತು. ನಾನು ಕೋಣೆಯಲ್ಲೇ ಬಿದ್ದುಕೊಂಡೆ. ನನಗೆ ಕೋಪ ಮೂಗಿನ ತುದಿಯಲ್ಲಿ ಎಂದು ಎಲ್ಲರಿಗೂ ಗೊತ್ತು, ಆದರೆ ಆ ಕೋಪ ಬೇರೆ. ಅದರ ಅಡಿಯಲ್ಲಿ ಬರೀ ಹೆದರಿಕೆಯೇ ಇತ್ತು. ನಾಳೆ ಏನು ತಿನ್ನುವುದು, ಎಲ್ಲಿಗೆ ಹೋಗುವುದು, ನನ್ನವರು ಅಂತ ಇನ್ನು ಯಾರು? ಬೀದಿಯಲ್ಲಿ ಚಪ್ಪಲಿ ಸದ್ದಾದರೂ ಬೆಚ್ಚಿಬೀಳುತ್ತಿದ್ದೆ. ಎಂಟನೇ ದಿನ ಬಾಗಿಲಲ್ಲಿ ಮಾವ ನಿಂತಿದ್ದ. ಹೊಸ್ತಿಲು ದಾಟಲಿಲ್ಲ.

"ಯಾರು ಬೇಕಾಗಿತ್ತು?" ಎಂದೆ. "ನಿಮ್ಮನ್ನ ಎಲ್ಲೂ ನೋಡಿದ ನೆನಪಿಲ್ವಲ್ಲ."

"ಬೈಯಿ ಮಗಾ, ಬೈಯಿ."

"ಬೈಯೋಕೆ ನೀನ್ಯಾರು ನಂಗೆ? ಸಾಕಿದ್ದೆ ಅಂತ ಕುತ್ತಿಗೆ ಕೊಯ್ಯೋಕೂ ನಿಂಗೇ ಹಕ್ಕಾ?"

"ಭಯ ಆಯ್ತು ಕಣೇ."

"ನಿಂಗೆ ಯಾವತ್ತು ಭಯ ಆಗಿಲ್ಲ ಹೇಳು! ಅಂಚೆಯವನಿಗೂ ಹೆದರ್ತೀಯಲ್ಲ!"

"ಇದು ಹಾಗಲ್ಲ ಕಣೇ" ಎಂದ. "ಪರಿಚಯ ಇದೆ ಅಂದಿದ್ರೆ ಅವರು ಇನ್ನೂ ಕೆದಕ್ತಿದ್ರು. ನಿನ್ನ ಒಂದು ಒಲೆ, ಅಲ್ಲಿ ಇಪ್ಪತ್ತೊಂದು. ಎರಡು ದಿನ ಬೆರಳು ಮಡಿಸಿ ಮಡಿಸಿ ನೋಡ್ದೆ. ಎಷ್ಟು ಸಲ ಎಣಿಸಿದ್ರೂ ನೀನೇ ಹೊರಗೆ ಉಳೀತಿದ್ದೆ." ಅಷ್ಟು ಹೇಳಿ ಮಗುವಿನಂತೆ ಅತ್ತುಬಿಟ್ಟ. ನನಗೂ ತಡೆಯಲಾಗಲಿಲ್ಲ. ಆಮೇಲೆ ಚೀಲದಿಂದ ಖಾಕಿ ಅಂಗಿ ತೆಗೆದು ಹೊಸ್ತಿಲ ಮೇಲಿಟ್ಟ. "ಬುಧವಾರ ಬೆಳಗಿನ ಪಾಳಿ. ನಂದು. ಇನ್ಮೇಲೆ ನಿಂದು."

ಕೋಣೆ ಖಾಲಿ ಮಾಡಿ ಓಣಿಗೆ ವಾಪಸ್ಸು ಬಂದೆ. ಮುಂದಿನ ನಕ್ಷೆಯಲ್ಲೂ ನಮ್ಮದು ಅದೇ ಹಸಿರು. ಏಳು ಜನ ಕೆಲಸಗಾರರು ಕಡಿಮೆಯಾಗಿದ್ದರು, ನಿರುದ್ಯೋಗಿ ಒಬ್ಬರೂ ಹೆಚ್ಚಾಗಿರಲಿಲ್ಲ. ಹೊಲಿಗೆ ಕಾರ್ಖಾನೆ ಹೊಳೆಯ ಆಚೆ ಹೋಯಿತು. ನಾನು ಮನೆ ಮನೆಗೆ ಹೋಗಿ ಎರಡನೇ ಪ್ರಶ್ನೆಗೆ ಉತ್ತರ ಕಲಿಸಿದೆ. "ಹುಡುಕಿದ್ದೀನಿ ಅನ್ನಿ, ದಿನಾ ಹುಡುಕ್ತೀನಿ ಅನ್ನಿ." ಉದ್ದಣ್ಣ ಮುಖ ಸಿಂಡರಿಸಿದ. "ಭಿಕ್ಷೆ ಕೇಳಿದ ಹಾಗಾಗುತ್ತಲ್ಲ ತಾಯಿ" ಎಂದ. ಆದರೂ ಕಲಿತ.

ಆರು ತಿಂಗಳಾದ ಮೇಲೆ ಒಂದು ಬುಧವಾರ, ಪಾಳಿ ಮುಗಿಸಿ ಬಂದು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ್ದೆ, ಅಷ್ಟರಲ್ಲಿ ನನ್ನ ಜಾಗಕ್ಕೆ ಬಂದ ಹೊಸ ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ಬಿಸಿಲಿಗೆ ಮುಖ ಕೆಂಪಾಗಿತ್ತು. ಎಲ್ಲವೂ ಗುಟ್ಟಾಗಿರುತ್ತೆ ಎಂದು ಓದಿ ಹೇಳಿದಳು. ಮೊದಲು ಮಾವನನ್ನು ಕೇಳಿದಳು. ನನಗೆ ಪಾಳಿ ಕೊಟ್ಟ ಮೇಲೆ, ಕಂಪನಿಯವನು ಬರುವ ಸೋಮವಾರ ಬಿಟ್ಟರೆ, ಒಂದು ಗಂಟೆಯೂ ಗೇಟಿನಲ್ಲಿ ನಿಲ್ಲದ ಮಾವ, "ವಾಚ್‌ಮನ್" ಎಂದು ಬರೆಸಿದ. ಆಮೇಲೆ ನನ್ನ ಕಡೆ ತಿರುಗಿದಳು.

"ಒಂದು ಗಂಟೆಯಾದ್ರೂ ಕೆಲಸ ಮಾಡಿದ್ರಾ ಅಕ್ಕಾ?"

"ಇಲ್ಲಮ್ಮ."

"ಹುಡುಕಿದ್ರಾ?"

"ಹುಡುಕಿದ್ದೀನಿ. ದಿನಾ ಹುಡುಕ್ತಿದ್ದೀನಿ."

ಅವಳ ಕಣ್ಣು ನನ್ನ ಕುತ್ತಿಗೆಯ ಹತ್ತಿರ ನಿಂತಿತು. ನೋಡಿಕೊಂಡರೆ, ಸೀಟಿ ದಾರದ ಸಮೇತ ಹಾಗೇ ನೇತಾಡುತ್ತಿದೆ! ಬಿಚ್ಚಲು ಮರೆತೇ ಹೋಗಿತ್ತು. ಹುಡುಗಿ ಬೆರಳನ್ನು ಟ್ಯಾಬಿನ ಗಾಜಿನ ಮೇಲೆ ಎತ್ತಿ ಹಿಡಿದೇ ಇದ್ದಳು. ಅವಳ ತುಟಿಯ ಮೇಲೆ ಬೆವರು ಮೂಡಿತ್ತು.

"ಅಕ್ಕಾ, ಇಲ್ಲಿಗೆ ಮೊದಲು ಬರ್ತಿದ್ದೋರು ಕೂತಲ್ಲೇ ಸುಳ್ಳು ಬರ್ಕೊಂಡು ಕೆಲಸ ಕಳ್ಕೊಂಡ್ರಂತೆ" ಎಂದಳು ಮೆಲ್ಲಗೆ. "ಮರುತಪಾಸಣೆಗೆ ಬಂದಾಗ್ಲೂ ನೀವು ಇದನ್ನೇ ಹೇಳ್ತೀರಲ್ವಾ? ನಮ್ಮನೇಲಿ ದುಡಿಯೋಳು ನಾನೊಬ್ಳೇ."

ಮಾವನೇ ಒಂದು ಹೆಜ್ಜೆ ಮುಂದೆ ಬಂದ.

"ಇದನ್ನೇ ಹೇಳ್ತಾಳೆ ಕಣಮ್ಮ, ಹೆದರ್ಬೇಡ" ಎಂದ. "ಅವಳು ನನ್ನ ತಂಗಿ ಮಗಳು. ನಂಗೆ ಚೆನ್ನಾಗಿ ಗೊತ್ತು."

ಹುಡುಗಿ ಬೆರಳು ಒತ್ತಿದಳು. ನಾನು ಸೀಟಿಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು, ಅವಳು ಓಣಿ ದಾಟುವ ತನಕ ಹಾಗೇ ನಿಂತಿದ್ದೆ.